ಹನ್ನೆರಡರ ಕೂಗು

ನೋಟ್‌ಬುಕ್ಕಿನ ರಟ್ಟಿನ ಮೇಲೆ ಮೇಜಿನ ಕಾಲು ಕೂತಿದ್ದ ಗುರುತು ದುಂಡಗೆ ಇಳಿದುಹೋಗಿತ್ತು. ವರ್ಲಿನ್ ಮೈಂಟ್ಸ್ ಅದರ ಮೇಲೆ ಹೆಬ್ಬೆರಳು ಆಡಿಸಿ ನೋಡಿದ. ಏಪ್ರಿಲ್ ತಿಂಗಳಿಂದ ದಿನಕ್ಕೊಮ್ಮೆಯಾದರೂ ಹೀಗೆ ಆಡಿಸುತ್ತಿದ್ದಾನೆ, ಗುಳಿಯೇನೂ ತುಂಬಿಲ್ಲ. ಅಡುಗೆಮನೆಯ ಕಿಟಕಿಯಿಂದ ಅಕ್ಟೋಬರ್ ತಿಂಗಳ ಬಿಸಿಲು ಮೇಜಿನ ಅರ್ಧಕ್ಕೆ ಬಂದು ನಿಂತಿತ್ತು. ಇನ್ನು ಹತ್ತು ನಿಮಿಷಕ್ಕೆ ಅದು ಬ್ರೆಡ್ಡಿನ ತಟ್ಟೆಯನ್ನು ಮುಟ್ಟುತ್ತದೆ ಎಂದು ಅವನಿಗೆ ಗೊತ್ತು. ಈ ಆರು ತಿಂಗಳಲ್ಲಿ ಬಿಸಿಲು ಎಲ್ಲಿಗೆ ಎಷ್ಟು ಹೊತ್ತಿಗೆ ಬರುತ್ತದೆ ಎಂದು ನೋಡುವುದೇ ಒಂದು ಚಟವಾಗಿಬಿಟ್ಟಿತ್ತು. ಭಾನುವಾರ ಚರ್ಚಿನಲ್ಲಿ ಪಾದ್ರಿಗಳು ಪ್ರವಚನ ಮಾಡುತ್ತಿದ್ದರೆ ಇವನು ಬೆಂಚಿನ ಮೇಲೆ ಜರುಗುವ ಬಿಸಿಲಿನ ಪಟ್ಟಿಯನ್ನೇ ನೋಡುತ್ತ ಕೂತಿರುತ್ತಿದ್ದ. ಮೂವತ್ತೆಂಟು ವರ್ಷ ಡೀಸೆಲ್ ವಾಸನೆಯಲ್ಲಿ ಬದುಕಿದವನಿಗೆ ಅರವತ್ತಮೂರನೇ ವಯಸ್ಸಿನಲ್ಲಿ ಇದೇನು ಬಂತು ಎಂದು ತನ್ನ ಮೇಲೆ ತನಗೇ ನಗು ಬರುತ್ತಿತ್ತು. ನಿಜ ಹೇಳಬೇಕೆಂದರೆ ಅವನು ಸುಖವಾಗಿದ್ದ. ಈ ನೋಟ್‌ಬುಕ್ಕು ಒಂದು ಇಲ್ಲದಿದ್ದರೆ ಪೂರ್ತಿ ಸುಖವಾಗಿರುತ್ತಿದ್ದ.

"ಆ ಶರ್ಟು ಬೇಡ, ನೀಲಿದು ಹಾಕ್ಕೋ," ಎಂದಳು ಹೆಂಡತಿ ಆರ್ಡಿತ್, ಟೀ ಪಾತ್ರೆಯ ಮೇಲೆ ಬಟ್ಟೆ ಮುಚ್ಚುತ್ತ. "ಆ ಕಂದು ಬಣ್ಣದಲ್ಲಿ ಯಾರದೋ ಮಣ್ಣಿಗೆ ಹೊರಟವನ ಥರ ಕಾಣ್ತೀಯ."

"ಬರೀ ಮೀಟಿಂಗು ತಾನೆ," ಎಂದ ವರ್ಲಿನ್, ನೋಟ್‌ಬುಕ್ಕನ್ನು ಊಟದ ಡಬ್ಬಿಯೊಳಗೆ ಇಡುತ್ತ.

"ಬರೀ ಮೀಟಿಂಗಂತೆ. ಅರ್ಧ ಊರು ಬರುತ್ತೆ ಇವತ್ತು. ಅದೇನದು, ಊಟದ ಡಬ್ಬಿಯೊಳಗೆ ಪುಸ್ತಕ?"

"ಹವಾಮಾನದ್ದು."

"ಹವಾಮಾನಕ್ಕೆ ಊಟದ ಡಬ್ಬಿಯಲ್ಲಿ ಏನು ಕೆಲಸ?"

ಈಗ ಹೇಳಿಬಿಡಬಹುದಿತ್ತು. ನಲವತ್ತು ವರ್ಷ ಜೊತೆಗಿದ್ದವಳು, ಹೇಳಿದ್ದರೆ ಅಯ್ಯೋ ದಡ್ಡ ಎಂದು ಬೈದು ಇನ್ನೊಂದು ಲೋಟ ಟೀ ಬಗ್ಗಿಸುತ್ತಿದ್ದಳು, ಅಷ್ಟೆ. ಆದರೆ ಅವಳಿಗೆ ಹೇಳಿ ಹಗುರಾಗಿಬಿಟ್ಟರೆ ಆಮೇಲೆ ಹೇಳಬೇಕಾದವರಿಗೆ ಹೇಳುವುದೇ ಇಲ್ಲ ಎಂಬುದು ವರ್ಲಿನ್‌ಗೆ ತನ್ನ ಬಗ್ಗೆ ತಿಳಿದಿದ್ದ ನಿಜಗಳಲ್ಲಿ ಒಂದು. ಅವನು ಎದ್ದು ಶರ್ಟು ಬದಲಾಯಿಸಲು ಹೋದ.

ನ್ಯೂ ಎಮ್ಡನ್ ಊರಿನ ಪವರ್ ಹೌಸ್ ಅವನ ಮನೆಯಿಂದ ನಾಲ್ಕು ರಸ್ತೆ ಆಚೆ. ಕಾರು ಇದ್ದರೂ ಅವನು ನಡೆದೇ ಹೋಗುತ್ತಿದ್ದ, ದಾರಿಯಲ್ಲಿ ತಲೆಯೆತ್ತಿ ತಂತಿಗಳನ್ನು ನೋಡಿಕೊಂಡು. ಈ ಊರಿನ ಕರೆಂಟು ಊರಿನದೇ. ಅಯೋವಾದ ಮೆಕ್ಕೆಜೋಳದ ಹೊಲಗಳ ನಡುವೆ ಇವನ ಮುತ್ತಜ್ಜನ ಕಾಲದವರು, ಸಮುದ್ರದಾಚೆಯ ಫ್ರೀಸ್ ಸೀಮೆಯಿಂದ ಟೀ ಪಾತ್ರೆಯನ್ನೂ ಮೊಂಡುತನವನ್ನೂ ಒಟ್ಟಿಗೆ ಹೊತ್ತು ತಂದವರು, ದೊಡ್ಡ ಕಂಪನಿಯವರು ಇಷ್ಟು ಸಣ್ಣ ಊರಿಗೆ ತಂತಿ ಎಳೆಯುವುದಿಲ್ಲ ಎಂದಾಗ ಹಾಗಾದರೆ ನಾವೇ ಮಾಡಿಕೊಳ್ಳುತ್ತೇವೆ ಎಂದು ಇಟ್ಟಿಗೆಯ ಕಟ್ಟಡ ಕಟ್ಟಿ ಎಂಜಿನ್ ತಂದಿಟ್ಟಿದ್ದರು. ಈಗ ಹೆಚ್ಚಿನ ಕರೆಂಟು ಹೊರಗಿನಿಂದಲೇ ಬರುತ್ತದೆ, ಎರಡು ಡೀಸೆಲ್ ಎಂಜಿನ್‌ಗಳು ಆಪತ್ಕಾಲಕ್ಕೆಂದು ಕೂತಿವೆ. ಆದರೂ ಕಂಬ ಊರಿನದು, ಮೀಟರ್ ಊರಿನದು, ಬೈಗುಳ ತಿನ್ನುವವನೂ ಊರಿನವನೇ. ಕರೆಂಟು ಹೋದರೆ ಜನ ಕಚೇರಿಗೆ ಫೋನು ಮಾಡುವುದಿಲ್ಲ, ವರ್ಲಿನ್‌ನ ಅಡುಗೆಮನೆಗೆ ಮಾಡುತ್ತಾರೆ. ಮತ್ತೆ, ದಿನಾ ಹನ್ನೆರಡಕ್ಕೆ ಪವರ್ ಹೌಸಿನ ಮಾಡಿನ ಮೇಲಿನ ಹಿತ್ತಾಳೆಯ ಸೀಟಿ ಕೂಗುತ್ತದೆ. ಎಂಜಿನ್ ತಿರುಗಿಸಲು ಟ್ಯಾಂಕಿನಲ್ಲಿ ಒತ್ತಿಟ್ಟ ಗಾಳಿಯಿಂದಲೇ ಒಂದು ಕೊಳವೆ ಎಳೆದಿದ್ದಾರೆ. ಸರಪಳಿ ಜಗ್ಗಿ ಹನ್ನೆರಡು ಎಣಿಸುವವರೆಗೆ ಹಿಡಿದಿರಬೇಕು. ಆ ಕೂಗು ಕೇಳಿದ ಮೇಲೆಯೇ ಊರಿನಲ್ಲಿ ಆಲೂಗೆಡ್ಡೆ ತಟ್ಟೆಗೆ ಬೀಳುವುದು. ಗಡಿಯಾರ ಎಲ್ಲರ ಮನೆಯಲ್ಲೂ ಇದೆ, ಕೈಯಲ್ಲಿ ಫೋನೂ ಇದೆ, ಆದರೂ ಯಾರೂ ಸೀಟಿಗಿಂತ ಮುಂಚೆ ಊಟಕ್ಕೆ ಕೂರುವುದಿಲ್ಲ. ಮೂವತ್ತೆಂಟು ವರ್ಷದಿಂದ ಸರಪಳಿ ಜಗ್ಗುತ್ತಿರುವವನು ವರ್ಲಿನ್. ಊರಿಗೆಲ್ಲ ಹಸಿವಾಗಿಸುವ ಕೆಲಸ ತನ್ನದು ಎಂದು ಅವನಿಗೆ ಒಳಗೊಳಗೇ ಹೆಮ್ಮೆ.

ವಿದ್ಯುತ್ ಮಂಡಳಿಯ ಸಭೆ ನಡೆಯುವುದೂ ಎಂಜಿನ್ ಮನೆಯಲ್ಲೇ, ಹತ್ತೂವರೆಗೆ ಶುರು, ಹನ್ನೆರಡರ ಕೂಗಿಗೆ ಮುಗಿಯಲೇಬೇಕು. ಇಪ್ಪತ್ತೆರಡು ವರ್ಷದ ಹಿಂದೆಯೂ ಹಾಗೆಯೇ ಇತ್ತು. ಆಗ ಮಡಿಸುವ ಕುರ್ಚಿಗಳಿಗೆ ಹಸಿರು ಬಣ್ಣ, ಅಷ್ಟೇ ವ್ಯತ್ಯಾಸ. ಹರ್ಮಿನಾ ಎಕಾಫ್ ಟೀಚರ್ ಎದ್ದು ನಿಂತಿದ್ದರು, ಬೂದು ಕೋಟು, ಕೈಯಲ್ಲಿ ಈ ನೋಟ್‌ಬುಕ್ಕು. ಶಾಲೆಯಲ್ಲಿ ವಿಜ್ಞಾನವೂ ಅವರದೇ, ಬ್ಯಾಂಡೂ ಅವರದೇ. ಊರಿನ ಅರ್ಧ ಗಂಡಸರು ಅವರ ಕೈಯಲ್ಲಿ ತುತ್ತೂರಿ ಹಿಡಿಯಲು ಕಲಿತವರು, ವರ್ಲಿನ್ ಕೂಡ. ಊರಿಗೊಂದು ಗಾಳಿಯಂತ್ರ ಹಾಕಿಸೋಣ, ಮೂರು ವರ್ಷ ಶಾಲೆಯ ಮಾಡಿನ ಮೇಲೆ ಗಾಳಿ ಅಳೆದಿದ್ದೇನೆ, ಇಲ್ಲಿ ಬರೆದಿದೆ ನೋಡಿ ಎಂದು ಅವರು ನಿಧಾನವಾಗಿ ಹೇಳುತ್ತಿದ್ದರು, ಕ್ಲಾಸಿನಲ್ಲಿ ಹೇಳಿದ ಹಾಗೆಯೇ. ಹನ್ನೆರಡಾಗುತ್ತ ಬಂದಿತ್ತು. ಎಲ್ಲರಿಗೂ ಹಸಿವು. ಆಗ ಅವನು, ನಲವತ್ತೊಂದರ ವರ್ಲಿನ್, ಹೊಸದಾಗಿ ಸೂಪರಿಂಟೆಂಡೆಂಟ್ ಆಗಿದ್ದವನು, ತನ್ನ ಎಂಜಿನ್‌ಗೆ ಬೆನ್ನು ಒರಗಿಸಿ ನಿಂತು ಅಂದಿದ್ದ: "ಗಾಳಿ ಬೀಸದೆ ಇದ್ದ ದಿನ ಪರವಾಗಿಲ್ಲ ಬಿಡಿ, ಟೀಚರ್ ತುತ್ತೂರಿ ತಂದು ಊದ್ತಾರೆ." ಅಂಥಾ ಜೋಕೇನೂ ಅಲ್ಲ ಅದು. ಆದರೆ ಹಸಿದ ಜನ ಯಾವುದಕ್ಕೂ ನಗುತ್ತಾರೆ. ನಗು ಎಂಜಿನ್ ಮನೆಯ ಇಟ್ಟಿಗೆ ಗೋಡೆಗೆ ಬಡಿದು ಬಡಿದು ವಾಪಸು ಬಂತು. ಟೀಚರ್ ನಗುವಿನ ನಡುವೆ ಸ್ವಲ್ಪ ಹೊತ್ತು ನಿಂತೇ ಇದ್ದರು, ಮಕ್ಕಳು ಸುಮ್ಮನಾಗಲಿ ಎಂದು ಕಾಯುವ ಹಾಗೆ. ಸುಮ್ಮನಾಗಲಿಲ್ಲ. ನೋಟ್‌ಬುಕ್ಕನ್ನು ಕಾಫಿ ಮೇಜಿನ ಮೇಲಿಟ್ಟು ಬಾಗಿಲು ತೆರೆದುಕೊಂಡು ಹೋದರು. ಅಂದು ಅವನು ಸೀಟಿ ಹೊಡೆದದ್ದು ಹನ್ನೆರಡಕ್ಕೆ ಸರಿಯಾಗಿ, ಒಂದು ಸೆಕೆಂಡೂ ಆಚೀಚೆ ಇಲ್ಲ. ಎಷ್ಟು ಚೆನ್ನಾಗಿ ನೆನಪಿದೆ ಅದು.

ಈ ಊರಿನಲ್ಲಿ ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವ ರೂಢಿಯಿಲ್ಲ. ತಪ್ಪು ಮಾಡಿದವನು ಎದುರಿನವರ ಮನೆಯಂಗಳದ ಹಿಮ ಬಾಚಿಕೊಡುತ್ತಾನೆ, ಇಲ್ಲವೇ ಬಾಗಿಲಲ್ಲಿ ಒಂದು ಬುಟ್ಟಿ ಟೊಮ್ಯಾಟೊ ಇಟ್ಟು ಬರುತ್ತಾನೆ. ಅವರಿಗೂ ಅರ್ಥವಾಗುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. ವರ್ಲಿನ್ ತನ್ನ ಪಾಲಿನದನ್ನು ಮಾಡಿದ್ದ. ಮಂಜುಗಡ್ಡೆಯ ಬಿರುಗಾಳಿಗೆ ತಂತಿಗಳು ಹರಿದು ಬಿದ್ದಾಗಲೆಲ್ಲ ಟೀಚರ ಬೀದಿಗೆ ಮೊದಲು ಕರೆಂಟು ಬರುವ ಹಾಗೆ ನೋಡಿಕೊಂಡಿದ್ದ. ಅವರ ಮನೆಯೆದುರಿನ ಬೀದಿದೀಪದ ಬಲ್ಬನ್ನು, ಅದು ಚೆನ್ನಾಗಿ ಉರಿಯುತ್ತಿದ್ದಾಗಲೂ, ವರ್ಷಕ್ಕೊಮ್ಮೆ ಏಣಿ ಹತ್ತಿ ಬದಲಾಯಿಸುತ್ತಿದ್ದ. ಟೀಚರ್ ಪರದೆ ಸರಿಸಿ ನೋಡಿ ಕೈಯಾಡಿಸುತ್ತಿದ್ದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅವನು ಆ ಜೋಕನ್ನು ಮರೆತೇಬಿಟ್ಟಿದ್ದ ಎನ್ನಬಹುದು. ಆದರೆ ಈ ಏಪ್ರಿಲ್‌ನಲ್ಲಿ ಎಂಜಿನ್ ಮನೆಗೆ ಸುಣ್ಣ ಬಳಿಯಲೆಂದು ಕಾಫಿ ಮೇಜು ಸರಿಸಿದಾಗ ಅದರ ಕುಂಟು ಕಾಲಿನ ಕೆಳಗೆ ನೋಟ್‌ಬುಕ್ಕು ಸಿಕ್ಕಿತು. ಯಾರು ಇಟ್ಟದ್ದು ಎಂದು ಕೇಳುವ ಹಾಗೇ ಇರಲಿಲ್ಲ. ಮೇಜು ಅಲುಗಾಡುತ್ತದೆಂದು ಕೈಗೆ ಸಿಕ್ಕಿದ್ದನ್ನು ಕೆಳಗೆ ತುರುಕುವ ಚಾಳಿ ಆ ಕಟ್ಟಡದಲ್ಲಿ ಇದ್ದದ್ದು ಒಬ್ಬನಿಗೇ.

ಒಂದು ವಾರ ಅದನ್ನು ಓದಿದ. ದಿನಕ್ಕೊಂದು ಸಾಲು, ಪುಟಕ್ಕೆ ಅರ್ಧ ತಿಂಗಳು. ಮಧ್ಯಾಹ್ನದ ಸೀಟಿ ಕೇಳಿದ ಕೂಡಲೇ ಟೀಚರ್ ಶಾಲೆಯ ಮಾಡು ಹತ್ತಿ, ರಜೆಯಿದ್ದರೂ ಹತ್ತಿ, ಗಾಳಿ ಎಷ್ಟು, ಆಕಾಶ ಹೇಗೆ, ಚಳಿಗಾಲವಾದರೆ ಚಳಿ ಎಷ್ಟು ಎಂದು ಬರೆದಿದ್ದರು. ಗಾಳಿ ಹದಿನಾಲ್ಕು ಮೈಲಿ, ಬಿಸಿಲು. ಗಾಳಿ ಒಂಬತ್ತು, ಮೋಡ. ಕೊನೆಯ ಅಂಕಣದಲ್ಲಿ ಇನ್ನೊಂದು ಇತ್ತು, ಅದನ್ನು ಅವನು ನಿರೀಕ್ಷಿಸಿರಲಿಲ್ಲ. ಸೀಟಿ: ಸರಿಯಾಗಿ. ಸೀಟಿ: ಸರಿಯಾಗಿ. ಸೀಟಿ: ಅರ್ಧ ನಿಮಿಷ ಬೇಗ. ಅಳೆಯುವವರು ತಮ್ಮ ಅಳತೆಗೋಲನ್ನೂ ಅಳೆಯಬೇಕಲ್ಲ, ಟೀಚರ್ ಕ್ಲಾಸಿನಲ್ಲಿ ಹಾಗೇ ಹೇಳುತ್ತಿದ್ದರು. ಮೂರು ವರ್ಷ ಅವನು ಯಾರೂ ಗಮನಿಸುವುದಿಲ್ಲ ಎಂದುಕೊಂಡು ಸರಪಳಿ ಜಗ್ಗಿದ್ದನ್ನೆಲ್ಲ ಒಬ್ಬರು ಮಾಡಿನ ಮೇಲೆ ನಿಂತು ಬರೆದುಕೊಂಡಿದ್ದರು. ಒಂದು ಜನವರಿಯ ಸಾಲು: ಸೀಟಿ ಇಲ್ಲ. ವರ್ಲಿನ್ ತಂದೆಯ ಮಣ್ಣು. ಆ ಸಾಲನ್ನು ಅವನು ಮತ್ತೆ ಓದಿದ. ಅಂದು ಕೂಗು ಕೇಳಿಸಲಿಲ್ಲವೆಂದು ಊರಿನವರು ಯಾರೂ ಒಂದು ಮಾತು ಆಡಿರಲಿಲ್ಲ, ಅವನಿಗೂ ಮಾರನೆಯ ದಿನವೇ ನೆನಪಾದದ್ದು. ಇನ್ನೊಂದು ಫೆಬ್ರವರಿಯ ಸಾಲು: ಸೀಟಿ ಆರು ನಿಮಿಷ ತಡ. ಕಾರಣ ತಿಳಿಯದು. ಅದನ್ನು ಓದಿ ಅವನು ಒಬ್ಬನೇ ಕೂತಿದ್ದರೂ ಕಿವಿಯವರೆಗೆ ಕೆಂಪಾದ. ಆ ಕಾರಣ ಗೊತ್ತಿದ್ದವನು ಭೂಮಿಯ ಮೇಲೆ ಒಬ್ಬನೇ, ಗಾಳಿ ಕೊಳವೆಯ ತಿರುಪು ಹಿಮಕ್ಕೆ ಹೆಪ್ಪುಗಟ್ಟಿತ್ತು ಎಂದು ಊರಿಗೆಲ್ಲ ಸುಳ್ಳು ಹೇಳಿದ್ದವನು.

ಅಷ್ಟಕ್ಕೇ ಪುಸ್ತಕ ಮುಚ್ಚಿ ಹೋಗಿ ಟೀಚರ ಕೈಗೆ ಕೊಟ್ಟಿದ್ದರೆ ಸರಿಹೋಗುತ್ತಿತ್ತು. ಆದರೆ ಅದೇ ಹೊತ್ತಿಗೆ ಮಂಡಳಿಯವರು ಅವನಿಗೆ ಇನ್ನೊಂದು ಕೆಲಸ ಹೇಳಿದ್ದರು: ನೀರಿನ ಟ್ಯಾಂಕಿಗೂ ಸ್ಮಶಾನಕ್ಕೂ ನಡುವಿನ ಹನ್ನೆರಡು ಎಕರೆಯಲ್ಲಿ ಊರೇ ಸ್ವಂತ ಸೌರಫಲಕ ಹಾಕಿಸಿದರೆ ಹೇಗೆ, ನೋಡು. ನೋಡಿದ. ನೋಡುತ್ತ ನೋಡುತ್ತ ಅವನಿಗೇ ಅದರ ಮೇಲೆ ಮನಸ್ಸು ಕೂತುಬಿಟ್ಟಿತು. ಹಗಲು ಹೊತ್ತಿನಲ್ಲಿ ಊರಿಗೆ ಬೇಕಾದ ಕರೆಂಟಿನ ಮೂರನೇ ಒಂದು ಪಾಲು ಊರಿನ ನೆಲದ ಮೇಲೇ, ಸದ್ದಿಲ್ಲದೆ, ಹೊಗೆಯಿಲ್ಲದೆ ಹುಟ್ಟುತ್ತದೆ. ಮುತ್ತಜ್ಜನವರ ಹಾಗೆ ಮತ್ತೊಮ್ಮೆ ನಾವೇ ಮಾಡಿಕೊಳ್ಳುತ್ತೇವೆ ಎನ್ನಬಹುದು. ನಿವೃತ್ತಿಗೆ ಮುಂಚೆ ಇದೊಂದನ್ನು ನೋಡಬೇಕು ಎಂಬ ಆಸೆ ಅವನಲ್ಲಿ ಹಸಿವಿನ ಹಾಗೆ ಹುಟ್ಟಿಕೊಂಡಿತ್ತು. ಆದರೆ ಕಾಫಿ ಅಂಗಡಿಯಲ್ಲಿ, ಪಟ್ಟಣದ ಎಂಜಿನಿಯರುಗಳ ಅಂಕಿಗಳನ್ನು ಓದಿ ಹೇಳಿದರೆ ಆರ್ವಿಲ್ ಕ್ರೂಸೆ, ಹೊಲ ಬಿಟ್ಟು ಬಾಯಿಗೆ ಮಾತ್ರ ಕೆಲಸ ಉಳಿಸಿಕೊಂಡ ಮುದುಕ, "ಅದು ಅವರ ಸೂರ್ಯ ಕಣಯ್ಯಾ, ನಮ್ಮ ಸೂರ್ಯನ ಕಥೆ ಹೇಳು," ಎಂದುಬಿಟ್ಟ. ಉಳಿದವರೂ ತಲೆಯಾಡಿಸಿದರು. ಆ ಸಂಜೆ ವರ್ಲಿನ್ ನೋಟ್‌ಬುಕ್ಕು ತೆಗೆದು ಬಿಸಿಲು ಎಂದು ಬರೆದಿದ್ದ ಸಾಲುಗಳನ್ನೆಲ್ಲ ಎಣಿಸಿದ. ಮನೆಮನೆಗೆ ಹಂಚಿದ ಕರಪತ್ರದಲ್ಲಿ ಆ ಅಂಕಿ ದಪ್ಪ ಅಕ್ಷರದಲ್ಲಿ ಬಂತು: ಮೂರು ವರ್ಷಗಳಲ್ಲಿ ಆರುನೂರ ಐವತ್ತೆಂಟು ಮಧ್ಯಾಹ್ನ ನಮ್ಮೂರಿನಲ್ಲಿ ಬಿಸಿಲಿತ್ತು, ನಮ್ಮ ಪವರ್ ಹೌಸಿನ ದಾಖಲೆಗಳ ಪ್ರಕಾರ. ಕೊನೆಯ ಆ ಐದು ಪದಗಳನ್ನು ಬರೆಯುವಾಗ ಕೈ ಒಂದು ಕ್ಷಣ ನಿಂತಿತ್ತು. ಹೆಸರು ಹಾಕಿದರೆ ಪುಸ್ತಕ ಎಲ್ಲಿತ್ತು ಎಂದು ಕೇಳುತ್ತಾರೆ. ಪುಸ್ತಕ ಎಲ್ಲಿತ್ತು ಎಂದರೆ ಆ ಜೋಕು ನೆನಪಾಗುತ್ತದೆ. ಕೈ ಮುಂದುವರಿಯಿತು.

ಹೋದ ಗುರುವಾರ ಹೇಳಿಯೇ ಬಿಡೋಣವೆಂದು ಟೀಚರ ಮನೆಗೆ ಹೋಗಿದ್ದ. ಎಂಬತ್ತನಾಲ್ಕಾದರೂ ಅವರೇ ಬಾಗಿಲು ತೆರೆದರು, ಅವರೇ ಟೀ ಮಾಡಿದರು. ಬಟ್ಟಲಿಗೆ ಕಲ್ಲುಸಕ್ಕರೆಯ ಒಂದು ತುಂಡು ಹಾಕಿ ಅದರ ಮೇಲೆ ಬಿಸಿ ಟೀ ಬಗ್ಗಿಸಿದಾಗ ಚಟ್ ಎಂದು ಒಡೆಯುವ ಸದ್ದು ಇಬ್ಬರೂ ಕೇಳಿಸಿಕೊಂಡರು. ಕೆನೆ ಅಂಚಿನಿಂದ ಇಳಿಯಬೇಕು, ಕಲಕಬಾರದು. ಸಾಕು ಎನಿಸಿದಾಗ ಚಮಚವನ್ನು ಬಟ್ಟಲೊಳಗೆ ನಿಲ್ಲಿಸಬೇಕು. ಚಮಚ ಬಟ್ಟಲಿಗೆ ಬೀಳುವವರೆಗೆ ಮನೆಯವರು ಬಗ್ಗಿಸುತ್ತಲೇ ಇರುತ್ತಾರೆ, ಅದು ಮರ್ಯಾದೆ. ಹೇಳಬೇಕಾದ ಮಾತು ಬಾಯಿಗೆ ಬರಲೊಲ್ಲದು, ಚಮಚ ಹಾಕಿದರೆ ಎದ್ದು ಹೊರಡಬೇಕಾಗುತ್ತದೆ, ಹಾಕಲಿಲ್ಲ. ಟೀಚರ್ ಬಗ್ಗಿಸಿದರು. ಮೂರು ಬಟ್ಟಲಾಯಿತು, ಐದಾಯಿತು.

"ನಿನ್ನ ಕರಪತ್ರ ಓದಿದೆ, ವರ್ಲಿನ್," ಎಂದರು ಆರನೆಯದನ್ನು ಬಗ್ಗಿಸುತ್ತ.

"ಓದಿದ್ರಾ, ಟೀಚರ್?"

"ಓದಿದೆ. ಅಂಕಿ ಹೆಚ್ಚುಕಮ್ಮಿ ಸರಿಯಾಗಿದೆ."

ಅಷ್ಟೇ ಅಂದದ್ದು. ವರ್ಲಿನ್ ಏಳನೆಯ ಬಟ್ಟಲನ್ನೂ ಕುಡಿದು, ಚಮಚ ನಿಲ್ಲಿಸಿ, ಮನೆಯವರೆಗೆ ತಡೆದುಕೊಳ್ಳುವುದೇ ಕಷ್ಟವಾಗಿ ಅರ್ಧ ಓಡುತ್ತ ಬಂದಿದ್ದ. ಆಮೇಲೆ ನಾಲ್ಕು ದಿನ ಆ ಹೆಚ್ಚುಕಮ್ಮಿ ಎಂಬ ಮಾತು ಬೂಟಿನೊಳಗೆ ಸೇರಿದ ಹರಳಿನ ಹಾಗೆ ಚುಚ್ಚುತ್ತಿತ್ತು. ಅವರಿಗೆ ಗೊತ್ತಿದೆ. ಗೊತ್ತಿದ್ದೂ ಟೀ ಬಗ್ಗಿಸಿದರು. ಬೈದಿದ್ದರೆ ಎಷ್ಟು ಚೆನ್ನಾಗಿತ್ತು.

ಹತ್ತೂವರೆಗೆ ಎಂಜಿನ್ ಮನೆಯ ಕುರ್ಚಿಗಳೆಲ್ಲ ತುಂಬಿ ಕೆಲವರು ಗೋಡೆಗೆ ಒರಗಿ ನಿಂತಿದ್ದರು. ಮಂಡಳಿಯ ಮೂವರು ಉದ್ದ ಮೇಜಿನ ಹಿಂದೆ: ಬಿತ್ತನೆ ಬೀಜದ ವ್ಯಾಪಾರಿಯಾದ ಅಧ್ಯಕ್ಷ ಗೇಲನ್ ಹಾರ್ಮ್ಸ್; ಬೇಕರಿಯ ಲವಾನ್, ಸಭೆಗೆಂದು ಖರ್ಜೂರದ ಸಿಹಿಚೌಕಗಳ ತಟ್ಟೆ ತಂದವಳು; ಔಷಧಿ ಅಂಗಡಿಯ ರೈನ್‌ಹಾರ್ಡ್, ಕಿವಿ ಮಂದ. ಕೊನೆಯ ಸಾಲಿನ ತುದಿಯಲ್ಲಿ ಹರ್ಮಿನಾ ಟೀಚರ್ ಬಂದು ಕೂತರು. ಆ ಬಾಗಿಲಿನಿಂದ ಅವತ್ತು ಹೋದ ಮೇಲೆ ಅವರು ಈ ಕಟ್ಟಡದೊಳಗೆ ಕಾಲಿಟ್ಟದ್ದು ಇದೇ ಮೊದಲು. ವರ್ಲಿನ್ ನಕಾಶೆ ತೋರಿಸಿದ, ಫಲಕಗಳು ಎಲ್ಲಿ ಬರುತ್ತವೆ, ಸ್ಮಶಾನದ ಕಡೆ ಬೇಲಿಗೆ ಯಾವ ಗಿಡ ಹಾಕುತ್ತಾರೆ, ಎಲ್ಲ ಹೇಳಿದ. ಮಾತಾಡುತ್ತ ಆಡುತ್ತ ಅವನಿಗೇ ಖುಷಿ ಏರಿತು. ಜನ ಕೇಳುತ್ತಿದ್ದರು, ಆಕಳಿಸುತ್ತಿರಲಿಲ್ಲ. ಊಟದ ಡಬ್ಬಿ ಎಂಜಿನ್ನಿನ ಪಕ್ಕದ ಕಿಟಕಿ ಕಟ್ಟೆಯ ಮೇಲಿತ್ತು. ಅದರ ಕಡೆ ನೋಡದೆ ಮಾತಾಡುವುದನ್ನು ಅವನು ಅಭ್ಯಾಸ ಮಾಡಿಕೊಂಡಿದ್ದ.

ಮೊದಲು ಎದ್ದವನು ಆರ್ವಿಲ್. "ಅದೆಲ್ಲ ಸರಿ. ಬಿಸಿಲಿಂದ ಕರೆಂಟು ಬಂತು ಅಂದ್ಮೇಲೆ ಈ ಎಂಜಿನ್ ಕಿತ್ತು ಹಾಕ್ತೀರ. ಎಂಜಿನ್ ಹೋದ್ರೆ ಗಾಳಿ ಟ್ಯಾಂಕು ಹೋಯ್ತು. ಟ್ಯಾಂಕು ಹೋದ್ರೆ ಸೀಟಿ? ನಾವು ಊಟ ಯಾವಾಗ ಮಾಡ್ಬೇಕು?"

"ಹೌದು ಕಣ್ರೀ, ಸೀಟಿ!" ಎಂದಿತು ಇಡೀ ಸಭೆ. ಅಷ್ಟು ಹೊತ್ತು ಯಾರ ಮುಖದಲ್ಲೂ ಕಾಣದಿದ್ದ ಆತಂಕ ಈಗ ಕಾಣಿಸಿತು.

"ಎಂಜಿನ್ ಎಲ್ಲೂ ಹೋಗಲ್ಲ," ಎಂದ ವರ್ಲಿನ್. "ಹೊರಗಿನ ಕರೆಂಟು ನಿಂತ ದಿನಕ್ಕೆ ಅವು ಇರ್ಲೇಬೇಕು. ಟ್ಯಾಂಕು ಇರುತ್ತೆ, ಸೀಟಿ ಇರುತ್ತೆ, ನಿನ್ನ ಹೊಟ್ಟೆಗೆ ಏನೂ ಮೋಸ ಆಗಲ್ಲ ಆರ್ವಿಲ್."

ಜನ ನಕ್ಕರು, ಹಗುರಾದರು. ಗೇಲನ್ ಗಡಿಯಾರ ನೋಡಿ, ಹನ್ನೆರಡಕ್ಕೆ ಹತ್ತು ನಿಮಿಷ, ಇನ್ನು ಕೈ ಎತ್ತಿಸೋಣವೇ ಎಂದು ಆಚೀಚೆ ನೋಡಿದ. ಆಗ ಆರ್ವಿಲ್, ಕೂರಲು ಹೊರಟವನು, ಅರ್ಧ ಬಗ್ಗಿದ್ದಲ್ಲೇ ಮತ್ತೆ ನಿಂತ. ಜೇಬಿನಿಂದ ಕರಪತ್ರ ತೆಗೆದ.

"ಇನ್ನೊಂದೇ ಒಂದು. ಈ ಆರುನೂರ ಐವತ್ತೆಂಟು. ಇದು ಚೆನ್ನಾಗಿದೆ, ಇದನ್ನ ಓದಿಯೇ ನಾನು ಆಯ್ತು ಅಂದವನು. ಆದ್ರೆ ಪವರ್ ಹೌಸ್‌ನೋರು ಆಕಾಶ ನೋಡಿ ಬರೀತಿದ್ರು ಅಂತ ನಂಗೆ ಗೊತ್ತೇ ಇರ್ಲಿಲ್ಲ. ಯಾರಯ್ಯಾ ಬರೆದಿದ್ದು, ನೀನಾ?"

ಹೌದು ಎಂದರೆ ಮುಗಿಯುತ್ತಿತ್ತು. ಒಂದು ಹೌದು, ಮೂರು ಕೈಗಳು, ಸೀಟಿ, ಊಟ. ಬರುವ ಬೇಸಿಗೆಗೆ ನೀರಿನ ಟ್ಯಾಂಕಿನ ಪಕ್ಕ ಸಾಲು ಸಾಲು ನೀಲಿ ಫಲಕಗಳು. ಇಲ್ಲ ಎಂದರೆ ಕರಪತ್ರ ಸುಳ್ಳು. ಕರಪತ್ರ ಸುಳ್ಳೆಂದ ಮೇಲೆ ಈ ಊರಿನವರು ಹನ್ನೆರಡು ಎಕರೆ ಕೊಡುವುದಿರಲಿ, ಒಂದು ಕಂಬದ ಗುಂಡಿಯನ್ನೂ ಕೊಡುವುದಿಲ್ಲ. ವರ್ಲಿನ್ ಕೊನೆಯ ಸಾಲಿನತ್ತ ನೋಡಿದ. ಟೀಚರ್ ತಮ್ಮ ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. ಅವರು ತನ್ನನ್ನು ನೋಡುತ್ತಿದ್ದಿದ್ದರೆ ಬಹುಶಃ ಅವನು ಹೌದು ಎಂದೇ ಹೇಳಿಬಿಡುತ್ತಿದ್ದ, ದೃಷ್ಟಿ ತಪ್ಪಿಸಲು. ಅವರು ನೋಡುತ್ತಿರಲಿಲ್ಲ. ಹೇಳಿದರೂ ಸರಿ, ಬಿಟ್ಟರೂ ಸರಿ ಎಂದು ಅವನ ಪಾಡಿಗೆ ಅವನನ್ನು ಬಿಟ್ಟಿದ್ದರು. ಎಂಟನೇ ಕ್ಲಾಸಿನಲ್ಲಿ ಕರಿಹಲಗೆಯ ಮುಂದೆ ನಿಲ್ಲಿಸಿದಾಗಲೂ ಹೀಗೇ, ಕಿಟಕಿಯ ಆಚೆ ನೋಡುತ್ತ ನಿಲ್ಲುತ್ತಿದ್ದರು.

ಅವನು ಹೋಗಿ ಊಟದ ಡಬ್ಬಿ ತೆರೆದು ನೋಟ್‌ಬುಕ್ಕು ತಂದ. ಅದರ ಮೇಲೆ ಒಂದಿಷ್ಟು ಬೆಣ್ಣೆ ಮೆತ್ತಿತ್ತು, ಅಂಗಿಯ ತೋಳಿನಿಂದ ಒರೆಸಿದ, ನೀಲಿ ಅಂಗಿ.

"ನಾನಲ್ಲ," ಎಂದ. "ಪವರ್ ಹೌಸಿಂದೂ ಅಲ್ಲ. ನಾವು ಎಣ್ಣೆ ಎಷ್ಟು ಸುಟ್ಟಿದೀವಿ ಅಂತ ಬಿಟ್ಟು ಬೇರೇನೂ ಬರೆದಿಟ್ಟಿಲ್ಲ. ಇದು ಎಕಾಫ್ ಟೀಚರ್ ಬರೆದದ್ದು. ಮೂರು ವರ್ಷ, ಒಂದು ದಿನಾನೂ ಬಿಡದೆ. ಗಾಳಿಯಂತ್ರ ಹಾಕ್ಸಿ ಅಂತ ಕೇಳೋದಕ್ಕೆ ತಂದಿದ್ರು. ಅವತ್ತು ನಾನು ಒಂದು ಮಾತು ಅಂದೆ. ಇಲ್ಲಿರೋ ಅರ್ಧ ಜನ ನಕ್ಕಿದ್ರಿ, ನೆನಪಿರಬೇಕು." ಹಲವರು ಬೂಟು ನೋಡಿಕೊಂಡರು. "ಆಮೇಲೆ ಈ ಪುಸ್ತಕ ಆ ಕಾಫಿ ಮೇಜಿನ ಕಾಲಿನ ಕೆಳಗೆ ಇಪ್ಪತ್ತೆರಡು ವರ್ಷ ಇತ್ತು. ಇಟ್ಟವನು ನಾನೇ. ನೀವೆಲ್ಲ ಇದರ ಮೇಲೇ ಕಾಫಿ ಕುಡಿದಿದ್ದೀರಿ. ಈ ವರ್ಷ ಸಿಕ್ಕಿದಾಗ್ಲೂ ನಾನು ಅವರಿಗೆ ಹೇಳ್ಲಿಲ್ಲ. ಅಂಕಿ ತಗೊಂಡೆ, ಹೆಸರು ಬಿಟ್ಟೆ. ಟೀಚರ್, ನಾನು ಮಾಡಿದ್ದು ತಪ್ಪು. ಎರಡು ಸಲಾನೂ."

ತಪ್ಪು ಎಂಬ ಪದ ಆ ಕಟ್ಟಡದಲ್ಲಿ ಅಷ್ಟು ದೊಡ್ಡದಾಗಿ ಯಾರೂ ಆಡಿದ್ದಿಲ್ಲ. ಲವಾನ್ ಸಿಹಿಯ ತಟ್ಟೆಯನ್ನು ಸುಮ್ಮನೆ ಅಲ್ಲಿಂದಿಲ್ಲಿಗೆ ಸರಿಸಿದಳು. ರೈನ್‌ಹಾರ್ಡ್ ಪಕ್ಕದವರನ್ನು "ಏನಂದ, ಏನಂದ?" ಎಂದು ಕೇಳಿದ. ವರ್ಲಿನ್‌ನ ಎದೆಯೊಳಗೆ ವಿಚಿತ್ರವಾದ ಸಮಾಧಾನ, ಬಿರುಗಾಳಿಯ ನಂತರ ಕೊನೆಯ ಫ್ಯೂಸ್ ಹಾಕಿ ಕಂಬದಿಂದ ಇಳಿದಾಗಿನ ಹಾಗೆ. ದೀಪ ಬಂತೋ ಇಲ್ಲವೋ ಇನ್ನೂ ನೋಡಬೇಕು.

"ಹಾಗಾದ್ರೆ ಈ ಅಂಕಿ ಸುಳ್ಳು," ಎಂದ ಆರ್ವಿಲ್, ಕರಪತ್ರ ಆಡಿಸುತ್ತ.

"ಸುಳ್ಳಲ್ಲ, ಆರ್ವಿಲ್. ತಪ್ಪು." ಟೀಚರ್ ಎದ್ದು ನಿಂತಿದ್ದರು, ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡು. "ಎರಡಕ್ಕೂ ವ್ಯತ್ಯಾಸ ನಿನಗೆ ನಾನು ಕಲಿಸಿದ್ದೆ, ನೀನು ಕಲೀಲಿಲ್ಲ. ವರ್ಲಿನ್, ನಿನ್ನ ಲೆಕ್ಕದಲ್ಲಿ ಒಂದು ತಿಂಗಳಿನದು ಕಮ್ಮಿ ಇದೆ. ಎರಡನೇ ವರ್ಷದ ಜುಲೈ ತೆಗಿ."

ತೆಗೆದ. ಜೂನ್ ಆದ ಮೇಲೆ ಆಗಸ್ಟ್ ಬಂತು. ಅವನು ಹಿಂದೆ ಮುಂದೆ ತಿರುವಿದ.

"ಅಂಟಿಕೊಂಡಿರುತ್ತೆ. ಇಪ್ಪತ್ತೆರಡು ವರ್ಷ ಕಾಫಿ ಚೆಲ್ಲಿದ್ದೀರಲ್ಲ ಅದರ ಮೇಲೆ."

ಜೇಬಿನ ಚಾಕುವಿನ ಮೊನೆ ತೂರಿಸಿ ನಿಧಾನವಾಗಿ ಬಿಡಿಸಿದ. ಎದುರುಬದುರಿನ ಎರಡು ಪುಟ, ಅಂಚೆಲ್ಲ ಕಂದು, ನಡುವೆ ಅಕ್ಷರಗಳು ನಿನ್ನೆ ಬರೆದಷ್ಟು ಸ್ಪಷ್ಟ. ನಿಂತಲ್ಲೇ ಎಣಿಸಿದ. ಸಭೆಯೂ ಅವನ ತುಟಿ ನೋಡುತ್ತ ಎಣಿಸಿತು.

"ಹತ್ತೊಂಬತ್ತು," ಎಂದ.

"ಆರುನೂರ ಎಪ್ಪತ್ತೇಳು. ಹೆಚ್ಚುಕಮ್ಮಿ ಅಂತ ಅವತ್ತೇ ಹೇಳಿದ್ದೆ," ಎಂದರು ಟೀಚರ್. "ಕೇಳಿಸ್ಕೊಂಡು ಲೆಕ್ಕ ಮತ್ತೆ ನೋಡೋದು ಬಿಟ್ಟು ಟೀ ಕುಡೀತಾ ಕೂತೆ." ಆಮೇಲೆ ಮಂಡಳಿಯ ಕಡೆ ತಿರುಗಿ, ಸ್ವರ ತಗ್ಗಿಸದೆ: "ಗಾಳಿಯೂ ಅದರಲ್ಲೇ ಇದೆ ಗೇಲನ್. ಮೊದಲು ಇದನ್ನ ಮಾಡಿ. ಆಮೇಲೆ ಅದನ್ನೂ ಓದಿ." ಮತ್ತೆ ಕೂತರು.

ಆರ್ವಿಲ್ ಕರಪತ್ರವನ್ನು ಮೊಣಕಾಲ ಮೇಲಿಟ್ಟು, ಪೆನ್ನು ಹುಡುಕಿ, ಐವತ್ತೆಂಟನ್ನು ಹೊಡೆದು ಎಪ್ಪತ್ತೇಳು ಎಂದು ತಿದ್ದಿದ. "ಟೀಚರ್ ಎಣಿಸಿದ್ದು ಅಂತ ಮೊದ್ಲೇ ಹಾಕಿದ್ರೆ ಇಷ್ಟು ಹೊತ್ತು ಕೂರ್ಬೇಕಿತ್ತಾ?" ಎಂದು ಗೊಣಗಿದ. ಗೇಲನ್ ಕೈ ಎತ್ತಿದ, ಲವಾನ್ ಎತ್ತಿದಳು. ರೈನ್‌ಹಾರ್ಡ್ ಅವರಿಬ್ಬರನ್ನೂ ನೋಡಿ, ಯಾವುದಕ್ಕೆಂದು ಒಮ್ಮೆ ಖಚಿತ ಮಾಡಿಕೊಂಡು, ತಾನೂ ಎತ್ತಿದ. ಚಪ್ಪಾಳೆ ಹೊಡೆಯುವ ಊರಲ್ಲ ಇದು; ಕುರ್ಚಿಗಳು ಕಿರುಗುಟ್ಟಿದವು, ಯಾರೋ ಕೆಮ್ಮಿದರು. ವರ್ಲಿನ್‌ಗೆ ಅಷ್ಟೇ ಸಾಕಾಯಿತು. ಕಣ್ಣು ಒದ್ದೆಯಾದದ್ದನ್ನು ಮರೆಮಾಡಲು ಅವನು ನಕಾಶೆ ಸುತ್ತತೊಡಗಿದ. ಆಗ ಗೋಡೆಯ ಫೋನು ಹೊಡೆದುಕೊಂಡಿತು. ಎತ್ತಿದರೆ ಆರ್ಡಿತ್.

"ಬದುಕಿದ್ದೀಯಾ? ಮೂರು ಮನೆಯವರು ಫೋನು ಮಾಡಿ ಕೇಳ್ತಿದ್ದಾರೆ, ಇಲ್ಲಿ ಯಾರೂ ಊಟಕ್ಕೆ ಕೂತಿಲ್ಲ!"

ಹನ್ನೆರಡು ಆಗಿಹೋಗಿತ್ತು. ಅವನು ಫೋನು ನೇತಾಡಲು ಬಿಟ್ಟು ಎಂಜಿನ್ನಿನ ಹಿಂದಕ್ಕೆ ಓಡಿ, ಎರಡೂ ಕೈಯಲ್ಲಿ ಸರಪಳಿ ಜಗ್ಗಿದ. ಮಾಡಿನ ಮೇಲೆ ಹಿತ್ತಾಳೆ ಬಾಯಿ ಬಿಟ್ಟಿತು. ಇಟ್ಟಿಗೆ ಗೋಡೆ, ಕುರ್ಚಿ, ಸಿಹಿಯ ತಟ್ಟೆ ಎಲ್ಲವೂ ಸಣ್ಣಗೆ ನಡುಗಿದವು. ಹನ್ನೆರಡು ಎಣಿಸಿದ, ಸಂತೋಷಕ್ಕೆ ಇನ್ನೊಂದು ಮೂರು ಹೆಚ್ಚು ಎಣಿಸಿದ.

ತಿರುಗಿ ಬಂದಾಗ ಟೀಚರ್ ಮುಂದಿನ ಸಾಲಿಗೆ ಬಂದು ಕೂತಿದ್ದರು. ನೋಟ್‌ಬುಕ್ಕು ಅವರ ತೊಡೆಯ ಮೇಲಿತ್ತು, ಕೈಯಲ್ಲಿ ಆರ್ವಿಲ್‌ನ ಪೆನ್ನು. ಅವರು ಕಿಟಕಿಯ ಆಚೆ ಧ್ವಜದ ಬಟ್ಟೆ ಎಷ್ಟು ಹಾರುತ್ತಿದೆ ಎಂದು ನೋಡಿದರು, ಆಕಾಶ ನೋಡಿದರು, ಕೊನೆಯದಾಗಿ ಬರೆದಿದ್ದ ಸಾಲಿನ ಕೆಳಗಿನ ಖಾಲಿ ಸಾಲಿನಲ್ಲಿ ಇವತ್ತಿನ ತಾರೀಕು ಹಾಕಿದರು. ಗಾಳಿ ಎಂಟು ಮೈಲಿ, ಅಂದಾಜು. ಬಿಸಿಲು. ಸೀಟಿ ನಾಲ್ಕು ನಿಮಿಷ ತಡ. ಸ್ವಲ್ಪ ಯೋಚಿಸಿ ಸೇರಿಸಿದರು: ಕಾರಣ ಗೊತ್ತು.

ಅದನ್ನು ತಲೆಕೆಳಗಾಗಿ ಓದುತ್ತ ವರ್ಲಿನ್ ಅವರ ಮುಂದೆ ನಿಂತಿದ್ದ. ಅವರು ಪುಸ್ತಕ ಮುಚ್ಚಲಿಲ್ಲ. ಪುಟಗಳನ್ನು ಹಿಂದಕ್ಕೆ ತಿರುವಿ, ಒಂದು ಫೆಬ್ರವರಿಯಲ್ಲಿ ಬೆರಳು ನಿಲ್ಲಿಸಿ ತಲೆಯೆತ್ತಿದರು.

"ಇಲ್ಲಿ ಆರು ನಿಮಿಷ ತಡ ಆಗಿದೆ. ತಿರುಪು ಹೆಪ್ಪುಗಟ್ಟಿತ್ತು ಅಂತ ನೀನು ಊರಿಗೆಲ್ಲ ಹೇಳಿದ್ದೆ. ಅವತ್ತು ಹಿಮ ಕರಗೋವಷ್ಟು ಬೆಚ್ಚಗಿತ್ತು, ನೋಡು, ಇಲ್ಲೇ ಬರೆದಿದ್ದೀನಿ."

ಸುತ್ತ ಎಲ್ಲರೂ ಇದ್ದರು. ಊಟದ ಹೊತ್ತಾದರೂ ಒಬ್ಬರೂ ಹೋಗಿರಲಿಲ್ಲ, ಖರ್ಜೂರದ ಸಿಹಿ ಕೈಯಲ್ಲಿ ಹಿಡಿದು ಕಿವಿಯಾಗಿ ನಿಂತಿದ್ದರು. ರೈನ್‌ಹಾರ್ಡ್ ಕೂಡ ಹತ್ತಿರ ಬಂದಿದ್ದ.

"ಪಾಯಿಖಾನೆ ಬಾಗಿಲಿನ ಚಿಲಕ ಸಿಕ್ಕಿಹಾಕಿಕೊಂಡಿತ್ತು, ಟೀಚರ್," ಎಂದ ವರ್ಲಿನ್, ರೈನ್‌ಹಾರ್ಡ್‌ಗೂ ಕೇಳಿಸುವಷ್ಟು ಗಟ್ಟಿಯಾಗಿ. "ಒಳಗಿದ್ದೆ. ಮೇಲಿನ ಕಿಟಕಿಯಿಂದ ಹೊರಗೆ ಬಂದೆ. ಪ್ಯಾಂಟು ಅಲ್ಲೇ ಮೊಳೆಗೆ ಸಿಕ್ಕಿಕೊಂಡು ಉಳೀತು. ಸೀಟಿ ಹಾಗೇ ಹೊಡೆದೆ."

ನಗು ಮೊದಲು ಆರ್ವಿಲ್‌ನಿಂದ ಹೊರಟಿತು, ಆಮೇಲೆ ಲವಾನ್, ಆಮೇಲೆ ಎಲ್ಲರೂ. ಇಟ್ಟಿಗೆ ಗೋಡೆಗೆ ಬಡಿದು ಬಡಿದು ವಾಪಸು ಬಂತು. ವರ್ಲಿನ್ ಅದರ ನಡುವೆ ನಿಂತೇ ಇದ್ದ. ಅವರು ಸುಮ್ಮನಾಗಲಿ ಎಂದು ಅವನಿಗೆ ಅನ್ನಿಸಲಿಲ್ಲ.

ಹರ್ಮಿನಾ ಟೀಚರ್ ಮಾತ್ರ ನಗಲಿಲ್ಲ. ತಿಳಿಯದು ಎಂಬುದನ್ನು ಒಂದು ಗೆರೆಯಿಂದ ನೀಟಾಗಿ ಹೊಡೆದು, ಅದರ ಪಕ್ಕದಲ್ಲಿ ಚಿಲಕ ಎಂದು ಬರೆದರು.